ಅಕ್ಕಿಯ ದಿನ

ಅವರಿಗೆ ಅನ್ನ, ನಮಗೆ ಅಕ್ಕಿ.
ಯಾರು ಮಾಡಿದ ಕಟ್ಟಳೆಯೋ, ನಾನು ಬಂದಾಗಲೇ ಇತ್ತು.
ಎದುರು ಗುಡ್ಡದ ವಿಹಾರದಿಂದ ಭಿಕ್ಷುಗಳು
ದಿನಾ ಬೆಳಿಗ್ಗೆ ಇಳಿಯುತ್ತಾರೆ,
ಹಬೆಯಾಡುವ ಪಾತ್ರೆ ಹೊತ್ತು ಏರುತ್ತಾರೆ.
ನಾವು ಉಪೋಸಥದ ಹಿಂದಿನ ಎರಡು ದಿನ ಮಾತ್ರ,
ಗುಲಾಬಿ ಬಟ್ಟೆ, ಹೆಗಲಿಗೆ ಕಂದು ಶಾಲು,
ತಲೆಯ ಮೇಲೆ ತಟ್ಟೆ,
ಮನೆಗೊಂದು ಚಮಚ ಬರಿ ಅಕ್ಕಿ.

ಬೇಯಿಸಿಕೊಳ್ಳಲು ಬರುತ್ತದಲ್ಲ, ಹೆಂಗಸರು,
ಅಂದಿದ್ದರು ದೋ ಕೇತುಮಾಲಾ
ಮೂವತ್ತೆಂಟು ವರ್ಷದ ಹಿಂದೆ, ಒಲೆ ಊದುತ್ತ.
ನಕ್ಕರೋ, ಹೊಗೆಗೆ ಕಣ್ಣು ಕಿರಿದು ಮಾಡಿದರೋ,
ತಿಳಿಯಲಿಲ್ಲ.

ಈಗ ಉಗ್ರಾಣದ ಲೆಕ್ಕ ನನ್ನದು.
ಸಗಾಯಿಂಗ್ ಗುಡ್ಡದ ಈ ಮಗ್ಗುಲಲ್ಲಿ ನಲವತ್ತೊಂದು ತಲೆ,
ನಲವತ್ತೊಂದೂ ಬೋಳು, ಹದಿನಾರು ಹಾಲುಹಲ್ಲಿನವು.
ಮಂದ ಹಾಲಿನ ಹಳೇ ಡಬ್ಬಿಯೇ ನಮ್ಮ ಸೇರು.
ತಟ್ಟೆಯಲ್ಲಿ ಎಲ್ಲ ಬೆರೆತು ಬರುತ್ತದೆ:
ಮರದ ವ್ಯಾಪಾರಿಯ ಸಣ್ಣಕ್ಕಿ, ಗಾಡಿಯವನ ಕೆಂಪು ದಪ್ಪಕ್ಕಿ,
ನುಚ್ಚು, ಮುಗ್ಗಿದ್ದು, ಹುಳು ಕಂಡದ್ದು.
ಒಂದಗುಳು ಹಿಚುಕಿದರೆ ಸಾಕು ಎನ್ನುವ ಮಾತು
ನಮ್ಮ ಹಂಡೆಗೆ ಸಲ್ಲದು.
ಇಲ್ಲಿ ಪ್ರತಿ ಅಗುಳನ್ನೂ ಬೇರೆಯಾಗಿ ಕೇಳಬೇಕು,
ಬೆಂದೆಯಾ ಎಂದು.

ಈ ಸಲ ಮಳೆಗೆ ಮುಂಚೆ ಬಂದವಳು ಧಮ್ಮಸಿರಿ,
ಮೊನ್ನೆಯವರೆಗೆ ಲ್ವೇ ಪಾನ್ ಮ್ವೇ.
ಬಡಗಣ ಬೆಟ್ಟದ ಚಹಾ ತೋಟ, ಸುಟ್ಟ ಊರು,
ಲಾರಿಯಲ್ಲಿ ಎರಡು ರಾತ್ರಿ. ವಯಸ್ಸು ಒಂಬತ್ತು.
ತಲೆ ಬೋಳಿಸುವಾಗ ಅಳಲಿಲ್ಲ.
ಬಿಳಿ ಬಟ್ಟೆಗೆ ಬಿದ್ದ ಕೂದಲು ನೋಡಿ ಕೇಳಿದಳು:
ಇದನ್ನು ಎಷ್ಟಕ್ಕೆ ಮಾರುತ್ತೀರಿ?
ತಮ್ಮನೊಬ್ಬ, ಏಳರವನು, ಎದುರು ಗುಡ್ಡದಲ್ಲಿ ಸಾಮಣೇರ.
ಅವನಿಗೆ ಅನ್ನ.

ಮೊದಲು ನಡಿಗೆ ಕಲಿಸಿದೆ.
ಕಣ್ಣು ನಾಲ್ಕು ಮೊಳ ಮುಂದೆ.
ಕೊಟ್ಟರೆ ಹರಸು, ಕೊಡದಿದ್ದರೂ ಹರಸು.
ದಾರಿಯಲ್ಲಿ ಕಾವಿ ಕಂಡರೆ ಬದಿಗೆ ಸರಿದು ಮಂಡಿಯೂರು,
ಎಷ್ಟೇ ಚಿಕ್ಕ ಕಾವಿಯಾದರೂ.

ಹುಣ್ಣಿಮೆಗೆ ಎರಡು ದಿನ.
ಗಡಿಯಾರದಂಗಡಿಯ ತಿರುವಿನಲ್ಲಿ ಬಂತು ಸಾಲು,
ದೊಡ್ಡವರಿಂದ ಚಿಕ್ಕವರಿಗೆ ಇಳಿಯುತ್ತ,
ಎಲ್ಲರ ಹಿಂದೆ, ಪಾತ್ರೆಗೇ ಕಾಲು ಬಂದ ಹಾಗೆ, ಅವನು.
ಮಂಡಿಯೂರಿದೆವು.
ತಟ್ಟೆ ಇಳಿಸಿ, ಮೂರು ತಿಂಗಳ ಹಿಂದೆ
ಅವನ ಮೂಗು ಒರೆಸುತ್ತಿದ್ದ ಕೈಗಳನ್ನು ಜೋಡಿಸಿ
ಹಣೆಯನ್ನು ಧೂಳಿಗೆ ತಂದಳು.
ಅವನು ನಿಂತ. ನಿಲ್ಲಬಾರದು.
ಏನೋ ಅಂದ, ಅವರ ಮಾತಲ್ಲಿ, ನನಗೆ ಬಾರದ ಮಾತಲ್ಲಿ.
ತಲೆ ಎತ್ತದೆ ಇವಳು ಒಂದೇ ಪದ ಹೇಳಿದಳು.
ಪಾತ್ರೆ ಎದೆಗೊತ್ತಿ ಓಡಿದ ಸಾಲಿನ ಹಿಂದೆ,
ಅಂಗಾಲು ಬೆಳ್ಳಗೆ ಕಾಣುತ್ತ.

ಏನಂದ?
ನಿನ್ನ ತಲೆ ಸೊಟ್ಟ ಇದೆ ಅಂದ.
ನೀನು?
ಉಂಡೆಯಾ ಅಂದೆ.

ನೆಂಟರ ಮೇಲಿನ ಪ್ರೀತಿ, ಅಕ್ಕಿಯ ಮೇಲಿನ ಆಸೆ,
ಎರಡನ್ನೂ ಬಿಡಲೆಂದೇ ಅಲ್ಲವೇ ಇಲ್ಲಿಗೆ ಬಂದದ್ದು,
ಹೇಳಬೇಕಿತ್ತು. ಬಾಯಿ ತೆರೆದವಳು
ತಟ್ಟೆ ಓರೆಯಾಗಿದೆ, ಸರಿ ಮಾಡಿಕೋ ಅಂದೆ.

ನೆಲ ನಡುಗಿದ ಮೇಲೆ ಮಲಗುವ ಕೋಣೆಯ ಗೋಡೆ ನಂಬಿಕೆಗಿಲ್ಲ,
ಎಲ್ಲರೂ ಅಂಗಳದಲ್ಲಿ, ಸೊಳ್ಳೆಪರದೆಯ ಕೆಳಗೆ.
ರಾತ್ರಿ ಮಕ್ಕಳ ಹೊದಿಕೆ ಸರಿಪಡಿಸುತ್ತ ಹೋದಾಗ
ಅವಳ ಚಾಪೆಯಡಿ ಕೈಗೆ ಸಿಕ್ಕಿತು ಗಂಟು.
ಬಿಚ್ಚಿದೆ. ಅಕ್ಕಿ. ಬರಿ ಕೆಂಪಕ್ಕಿ,
ಒಂದೊಂದೇ ಕಾಳು ಆರಿಸಿದ್ದು,
ಇಬ್ಬರಿಗೆ ಲಾರಿಯಲ್ಲಿ ಎರಡು ರಾತ್ರಿಗೆ ಸಾಲದು.

ಹಾಗೇ ಕಟ್ಟಿಟ್ಟೆ. ಅವಳ ಗಂಟು ಬೇರೆ ತರಹ ಇತ್ತು,
ನನಗೆ ಬರಲಿಲ್ಲ, ಬೆಳಿಗ್ಗೆ ಗೊತ್ತಾಗುತ್ತದೆ ಅವಳಿಗೆ.

ಲೆಕ್ಕದ ಪುಸ್ತಕದಲ್ಲಿ ಬರೆದೆ:
ಕಡಿಮೆ ಬಂದದ್ದು ಅರ್ಧ ಡಬ್ಬಿ. ಇಲಿ.
ಸುಳ್ಳಾಡೆನೆಂಬ ಶೀಲವನ್ನು
ನಸುಕಿನಲ್ಲಿ ಮತ್ತೆ ತೆಗೆದುಕೊಂಡರಾಯಿತು.
ದಿನಾ ತೆಗೆದುಕೊಳ್ಳಿ ಎಂದದ್ದು
ಅದಕ್ಕೇ ಇರಬೇಕು.